ಆದೇಶವೋ, ವರ್ಜಿಸುವುದೋ, ನಕ್ಷೆಯೋ? ಜೋಡಿ ಸಮೀಕರಣಕ್ಕೆ ವಿಧಾನ ಆರಿಸುವ ಬಗೆ

ಎರಡು ಚರಾಕ್ಷರಗಳ ಎರಡು ರೇಖಾತ್ಮಕ ಸಮೀಕರಣ ಕೊಟ್ಟರೆ ಬಿಡಿಸಲು ದಾರಿ ನಾಲ್ಕೈದಿವೆ. ಯಾವ ದಾರಿ ಹಿಡಿದರೂ ಉತ್ತರ ಒಂದೇ. ಬೇರೆಯಾಗುವುದು ಬರೆಯಬೇಕಾದ ಸಾಲುಗಳು, ನಡುವೆ ಎದುರಾಗುವ ಭಿನ್ನರಾಶಿಗಳು, ತಪ್ಪು ನುಸುಳುವ ಜಾಗ. ಎಸ್‌ಎಸ್‌ಎಲ್‌ಸಿ ಮಕ್ಕಳಲ್ಲಿ ಬಹಳಷ್ಟು ಜನ ತರಗತಿಯಲ್ಲಿ ಮೊದಲು ಕೈಗೆ ಹತ್ತಿದ ವಿಧಾನವನ್ನೇ ಎಲ್ಲ ಲೆಕ್ಕಕ್ಕೂ ಹಚ್ಚುತ್ತಾರೆ. ಅದು ಬೇಡ. ಪೆನ್ನು ಎತ್ತುವ ಮೊದಲು ಹತ್ತು ಸೆಕೆಂಡ್ ಸಹಗುಣಕಗಳನ್ನು ನೋಡಿ. ಯಾವ ವಿಧಾನ ಅನ್ನುವುದನ್ನು ಅವೇ ಹೇಳುತ್ತವೆ.

ಚುಟುಕಾಗಿ ನಮ್ಮ ಅಭಿಪ್ರಾಯ ಇಷ್ಟು. ಯಾವುದಾದರೂ ಚರಾಕ್ಷರದ ಸಹಗುಣಕ 1 ಅಥವಾ −1 ಇದ್ದರೆ ಆದೇಶ ವಿಧಾನ (ಒಂದು ಸಮೀಕರಣದಿಂದ ಒಂದು ಚರಾಕ್ಷರದ ಬೆಲೆ ತೆಗೆದು ಇನ್ನೊಂದರಲ್ಲಿ ಹಾಕುವುದು). ಇಲ್ಲದಿದ್ದರೆ ವರ್ಜಿಸುವ ವಿಧಾನ (ಕೂಡಿಯೋ ಕಳೆದೋ ಒಂದು ಚರಾಕ್ಷರವನ್ನು ತೆಗೆದುಹಾಕುವುದು). ಸಹಗುಣಕಗಳು ಅದಲುಬದಲಾಗಿದ್ದರೆ ಕೂಡಿ, ಕಳೆದು ಮುಗಿಸಿ. ಸಹಗುಣಕಗಳೇ ಅಕ್ಷರಗಳಾಗಿದ್ದರೆ ಓರೆ ಗುಣಾಕಾರ. ಪ್ರಶ್ನೆಯಲ್ಲೇ ಕೇಳಿದ್ದರೆ ಮಾತ್ರ ನಕ್ಷೆ. ಮೂರು ಚರಾಕ್ಷರಕ್ಕೆ ಗೌಸನ ಕ್ರಮ. ಪ್ರಶ್ನೆಯಲ್ಲಿ ವಿಧಾನದ ಹೆಸರು ಹೇಳಿದ್ದರೆ ಮಾತ್ರ ಆಯ್ಕೆಯ ಮಾತೇ ಇಲ್ಲ. ‘ವರ್ಜಿಸುವ ವಿಧಾನದಿಂದ’ ಎಂದಿರುವಾಗ ಆದೇಶದಲ್ಲಿ ಸರಿಯುತ್ತರ ತಂದರೆ ಅಂಕ ಹೋಗುವ ಸಾಧ್ಯತೆ ಇದೆ.

ಪಠ್ಯದ ಎಕ್ಸ್, ವೈ ಜಾಗದಲ್ಲಿ ಇಲ್ಲಿ ಕ್ಷ, ಯ ಎಂದು ಬರೆದಿದೆ.

ಬಿಡಿಸುವ ಮುಂಚೆ ಅನುಪಾತ

ಅ₁ಕ್ಷ + ಬ₁ಯ = ಸ₁, ಅ₂ಕ್ಷ + ಬ₂ಯ = ಸ₂ ಎಂಬ ಜೋಡಿಯಲ್ಲಿ ಅ₁/ಅ₂ ಮತ್ತು ಬ₁/ಬ₂ ಬೇರೆಬೇರೆಯಾಗಿದ್ದರೆ ಒಂದೇ ಒಂದು ಪರಿಹಾರ ಇದ್ದೇ ಇದೆ. ಎರಡೂ ಸಮನಾಗಿ ಸ₁/ಸ₂ ಬೇರೆಯಾದರೆ ರೇಖೆಗಳು ಸಮಾಂತರ, ಪರಿಹಾರವಿಲ್ಲ. ಮೂರೂ ಸಮ ಆದರೆ ಎರಡು ಸಮೀಕರಣವೂ ಒಂದೇ ರೇಖೆ, ಪರಿಹಾರ ಲೆಕ್ಕವಿಲ್ಲದಷ್ಟು.

ಇದನ್ನು ನೋಡದೆ ಬಿಡಿಸಲು ಹೊರಟವರಿಗೆ ಕೊನೆಯಲ್ಲಿ 0 = 7 ಎಂದೋ 0 = 0 ಎಂದೋ ಬರುತ್ತದೆ. ‘ಎಲ್ಲೋ ತಪ್ಪಾಯ್ತು’ ಅಂದುಕೊಂಡು ಹೊಡೆದುಹಾಕಿ ಮತ್ತೆ ಶುರು ಮಾಡುತ್ತಾರೆ. ತಪ್ಪಾಗಿರುವುದಿಲ್ಲ. 0 = 7 ಅಂದರೆ ಪರಿಹಾರವಿಲ್ಲ, 0 = 0 ಅಂದರೆ ಅಪರಿಮಿತ ಪರಿಹಾರಗಳು. ಅದನ್ನೇ ಉತ್ತರವಾಗಿ ಬರೆಯಬೇಕು.

ಅನುಪಾತ ಹೆಚ್ಚು ಕೆಲಸಕ್ಕೆ ಬರುವುದು ‘ಮ ದ ಯಾವ ಬೆಲೆಗೆ ಪರಿಹಾರವಿಲ್ಲ’ ಎಂಬಂಥ ಪ್ರಶ್ನೆಗೆ. ಈ ಜೋಡಿ ನೋಡಿ:

ಮ·ಕ್ಷ + 2ಯ = ಮ − 2
8ಕ್ಷ + ಮ·ಯ = ಮ

ಮ/8 = 2/ಮ ಆಗಬೇಕು, ಅಂದರೆ ಮ² = 16, ಮ = 4 ಅಥವಾ −4. ಇಲ್ಲಿಗೆ ನಿಲ್ಲಿಸಿ ಎರಡನ್ನೂ ಉತ್ತರವಾಗಿ ಬರೆಯುವವರೇ ಜಾಸ್ತಿ. ಮೂರನೇ ಅನುಪಾತ ನೋಡಲೇಬೇಕು. ಮ = 4 ಆದಾಗ 4/8, 2/4, 2/4 ಮೂರೂ ಅರ್ಧ; ಅಲ್ಲಿ ಪರಿಹಾರ ಅಪರಿಮಿತ. ಮ = −4 ಆದಾಗ ಮೊದಲೆರಡು −1/2, ಮೂರನೆಯದು −6/−4, ಅಂದರೆ 3/2. ಪರಿಹಾರವಿಲ್ಲದ್ದು ಇದೊಂದಕ್ಕೇ.

ಆದೇಶ ವಿಧಾನ

4ಕ್ಷ + ಯ = 5
3ಕ್ಷ − 2ಯ = 12

ಮೊದಲ ಸಮೀಕರಣದಲ್ಲಿ ಯ ಒಂಟಿಯಾಗಿದೆ. ಯ = 5 − 4ಕ್ಷ ಎಂದು ಬರೆಯಲು ಒಂದೇ ಸಾಲು, ಭಿನ್ನರಾಶಿ ಇಲ್ಲ. ಎರಡನೆಯದಕ್ಕೆ ಆದೇಶಿಸಿದರೆ 3ಕ್ಷ − 2(5 − 4ಕ್ಷ) = 12. ಆವರಣ ಬಿಡಿಸಿದರೆ 3ಕ್ಷ − 10 + 8ಕ್ಷ = 12, ಅಂದರೆ 11ಕ್ಷ = 22, ಕ್ಷ = 2, ಯ = −3.

ತಪ್ಪಾಗುವುದು ಆವರಣದ ಹತ್ತಿರ. −2 ಅನ್ನು 5ಕ್ಕೆ ಗುಣಿಸಿ −10 ಬರೆದವರು ಎರಡನೇ ಪದಕ್ಕೆ ಬರುವಷ್ಟರಲ್ಲಿ ಋಣ ಚಿಹ್ನೆಯನ್ನು ಮರೆತು −8ಕ್ಷ ಬರೆದುಬಿಡುತ್ತಾರೆ. ಆಗ −5ಕ್ಷ = 22 ಬರುತ್ತದೆ. ಆವರಣವನ್ನೇ ಹಾಕದೆ 3ಕ್ಷ − 2·5 − 4ಕ್ಷ ಎಂದು ಬರೆಯುವುದು ಇನ್ನೊಂದು ಬಗೆ. ಆದೇಶಿಸುವ ಬೆಲೆಗೆ ಎರಡು ಪದ ಇದ್ದರೆ ಕಡ್ಡಾಯವಾಗಿ ಆವರಣ, ಮುಂದಿನ ಸಾಲಿನಲ್ಲಷ್ಟೇ ಗುಣಾಕಾರ. ಒಂದು ಸಾಲು ಉಳಿಸಲು ಹೋಗಿ ಎರಡು ಅಂಕ ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಇನ್ನೊಂದು ಎಡವಟ್ಟೂ ಇದೆ. ಮೊದಲ ಸಮೀಕರಣದಿಂದ ಯ ತೆಗೆದು ಮತ್ತೆ ಅದೇ ಮೊದಲ ಸಮೀಕರಣಕ್ಕೆ ಆದೇಶಿಸುವುದು. 5 = 5 ಅಂತ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅದನ್ನು ನೋಡಿ ‘ಅಪರಿಮಿತ ಪರಿಹಾರ’ ಎಂದು ಬರೆದರೆ ತಪ್ಪಿನ ಮೇಲೆ ತಪ್ಪು.

ಸಹಗುಣಕ 1 ಇಲ್ಲದಿದ್ದರೆ ಈ ವಿಧಾನ ಭಾರವಾಗುತ್ತದೆ. 12ಕ್ಷ + 7ಯ = 22, 18ಕ್ಷ − 5ಯ = 64 ಎಂಬ ಜೋಡಿಯಲ್ಲಿ ಮೊದಲನೆಯದರಿಂದ ಕ್ಷ ತೆಗೆದರೆ (22 − 7ಯ)/12. ಅದನ್ನು 18ರಿಂದ ಗುಣಿಸಿ, ಛೇದ ತೆಗೆದು, ಒಟ್ಟು ಸೇರಿಸುವಷ್ಟರಲ್ಲಿ ಅರ್ಧ ಪುಟ. ಆದೇಶ ನಿಜಕ್ಕೂ ಬೇಕಾಗುವ ಜಾಗ ಬೇರೆ: ಕ್ಷ + ಯ = 10, ಕ್ಷ·ಯ = 21 ಎಂಬ ಹಾಗೆ ಒಂದು ಸಮೀಕರಣ ರೇಖಾತ್ಮಕವಲ್ಲದಿದ್ದಾಗ ವರ್ಜಿಸುವ ಕ್ರಮವೂ ಓರೆ ಗುಣಾಕಾರವೂ ನೇರವಾಗಿ ನಡೆಯುವುದಿಲ್ಲ. ಯ = 10 − ಕ್ಷ ಎಂದು ಆದೇಶಿಸಿ ವರ್ಗ ಸಮೀಕರಣ ಮಾಡಿಕೊಳ್ಳುವುದು ನೇರ ದಾರಿ.

ಗೊಬ್ಬರದ ಲೆಕ್ಕ: ಮೂರು ಚರಾಕ್ಷರ, ಆದರೂ ಆದೇಶವೇ ಸಾಕು

ಚರಾಕ್ಷರ ಹೆಚ್ಚಾದ ಮಾತ್ರಕ್ಕೆ ಲೆಕ್ಕ ಕಷ್ಟವಾಗುವುದಿಲ್ಲ ಎನ್ನಲು ಅಡಿಕೆ ತೋಟದ ಈ ಲೆಕ್ಕವೇ ಸಾಕ್ಷಿ. ಫಸಲು ಬಿಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ರೂಢಿಯ ಶಿಫಾರಸು. ಕೈಯಲ್ಲಿರುವುದು ಯೂರಿಯಾ (ಶೇ. 46 ಸಾರಜನಕ), 10:26:26 ಕಾಂಪ್ಲೆಕ್ಸ್ (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ ಇದೇ ಕ್ರಮದಲ್ಲಿ), ಮತ್ತು ಎಂಒಪಿ ಪೊಟ್ಯಾಷ್ (ಶೇ. 60). ಒಂದು ಮರಕ್ಕೆ ಯೂರಿಯಾ ಕ್ಷ ಗ್ರಾಂ, ಕಾಂಪ್ಲೆಕ್ಸ್ ಯ ಗ್ರಾಂ, ಪೊಟ್ಯಾಷ್ ಜ ಗ್ರಾಂ ಅಂದುಕೊಂಡರೆ:

0.46ಕ್ಷ + 0.10ಯ = 100
0.26ಯ = 40
0.26ಯ + 0.60ಜ = 140

ರಂಜಕ ಸಿಗುವುದು ಕಾಂಪ್ಲೆಕ್ಸ್‌ನಿಂದ ಮಾತ್ರ, ಹಾಗಾಗಿ ನಡುವಿನ ಸಮೀಕರಣದಲ್ಲಿ ಒಂದೇ ಚರಾಕ್ಷರ. ಶುರು ಮಾಡುವುದು ಅಲ್ಲಿಂದ. ಯ = 40/0.26, ಸುಮಾರು 154 ಗ್ರಾಂ. ಅದರಲ್ಲೇ 15.4 ಗ್ರಾಂ ಸಾರಜನಕ ಬಂದಾಯಿತು, ಉಳಿದ 84.6 ಗ್ರಾಂಗೆ ಯೂರಿಯಾ 184 ಗ್ರಾಂ. ಪೊಟ್ಯಾಷ್ 40 ಗ್ರಾಂ ಬಂದಾಯಿತು, ಉಳಿದ 100 ಗ್ರಾಂಗೆ ಎಂಒಪಿ 167 ಗ್ರಾಂ. 500 ಮರದ ತೋಟಕ್ಕೆ ಕಾಂಪ್ಲೆಕ್ಸ್ 77 ಕೆ.ಜಿ., ಯೂರಿಯಾ 92 ಕೆ.ಜಿ., ಎಂಒಪಿ 83 ಕೆ.ಜಿ.ಯ ಆಸುಪಾಸು. ಇಲ್ಲಿ ಓರೆ ಗುಣಾಕಾರ, ಮಾತೃಕೆ (ಮ್ಯಾಟ್ರಿಕ್ಸ್) ಅಂತ ಹೊರಡುವುದು ವೃಥಾ ಶ್ರಮ. ಯಾವುದಾದರೂ ಸಮೀಕರಣದಲ್ಲಿ ಒಂದೇ ಚರಾಕ್ಷರ ಉಳಿದಿದ್ದರೆ ಅದನ್ನು ಮೊದಲು ಬಿಡಿಸಿಕೊಳ್ಳಿ.

ವರ್ಜಿಸುವ ವಿಧಾನ

ಒಂದೇ ವಿಧಾನ ಕಲಿಯಲು ಸಮಯವಿದೆ ಅನ್ನುವವರಿಗೆ ಇದನ್ನೇ ಕಲಿಸಬೇಕು. ಭಿನ್ನರಾಶಿ ಕೊನೆಯವರೆಗೂ ಬರುವುದಿಲ್ಲ, ಮೂರು ನಾಲ್ಕು ಚರಾಕ್ಷರಕ್ಕೂ ಇದೇ ಮುಂದುವರಿಯುತ್ತದೆ.

12ಕ್ಷ + 7ಯ = 22
18ಕ್ಷ − 5ಯ = 64

ಮೊದಲ ಪ್ರಶ್ನೆ, ಯಾವ ಚರಾಕ್ಷರವನ್ನು ವರ್ಜಿಸುವುದು? ಕ್ಷ ದ ಸಹಗುಣಕ 12 ಮತ್ತು 18, ಲ.ಸಾ.ಅ. 36. ಮೊದಲನೆಯದನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿದರೆ ಸಾಕು. ಎಷ್ಟೋ ಮಕ್ಕಳು ಲ.ಸಾ.ಅ. ನೋಡದೆ ಅದಲುಬದಲು ಮಾಡಿ 18ರಿಂದ, 12ರಿಂದ ಗುಣಿಸುತ್ತಾರೆ, 216ಕ್ಷ ಬರುತ್ತದೆ. ತಪ್ಪಲ್ಲ, ಆದರೆ ಅಷ್ಟು ದೊಡ್ಡ ಸಂಖ್ಯೆಯನ್ನು ಹೊತ್ತುಕೊಂಡು ತಿರುಗುವ ಅಗತ್ಯವೂ ಇಲ್ಲ.

36ಕ್ಷ + 21ಯ = 66
36ಕ್ಷ − 10ಯ = 128

ಈಗ ಕಳೆಯಬೇಕು. 21ಯ − (−10ಯ) = 31ಯ, 66 − 128 = −62. ಆದ್ದರಿಂದ ಯ = −2, ಕ್ಷ = 3.

ಇಡೀ ಅಧ್ಯಾಯದಲ್ಲಿ ಅತಿ ಹೆಚ್ಚು ಅಂಕ ಸೋರುವ ಸಾಲು ಇದೇ. 21ರಿಂದ 10 ಕಳೆದು 11ಯ = −62 ಎಂದು ಬರೆದರೆ ಯ = −62/11. ಪರೀಕ್ಷೆಯಲ್ಲಿ ಇಂಥ ವಿಚಿತ್ರ ಭಿನ್ನರಾಶಿ ಬಂದರೆ ಮೊದಲು ಅನುಮಾನಿಸಬೇಕಾದ್ದು ಕಳೆಯುವ ಸಾಲನ್ನು. ತಡೆಯುವ ಉಪಾಯ ಸುಲಭ: ಕೆಳಗಿನ ಸಮೀಕರಣದ ಪ್ರತಿ ಪದದ ಕೆಳಗೆ ಬದಲಾದ ಚಿಹ್ನೆಯನ್ನು ಬೇರೆ ಬಣ್ಣದಲ್ಲೋ ವೃತ್ತ ಹಾಕಿಯೋ ಬರೆದು, ಆಮೇಲೆ ಕೂಡಿ. ಬಲಬದಿಯ ಸ್ಥಿರಾಂಕದ ಚಿಹ್ನೆಯೂ ಬದಲಾಗಬೇಕು. ಎಡಬದಿ ಬದಲಿಸಿ ಬಲಬದಿ ಬಿಟ್ಟುಬಿಡುವುದು ಇನ್ನೊಂದು ಮಾಮೂಲಿ ತಪ್ಪು. ಗುಣಿಸುವಾಗಲೂ ಹಾಗೆಯೇ, 22 ಅನ್ನು 3ರಿಂದ ಗುಣಿಸಲು ಮರೆತು 22 ಎಂದೇ ಉಳಿಸಿದವರ ಉತ್ತರ ಪತ್ರಿಕೆಗಳು ಕಡಿಮೆಯೇನಲ್ಲ.

ಚಿಹ್ನೆಯಲ್ಲಿ ಪದೇ ಪದೇ ಎಡವುವ ಹುಡುಗನಿಗೆ ಇದೇ ಲೆಕ್ಕದಲ್ಲಿ ಯ ವನ್ನು ವರ್ಜಿಸಲು ಹೇಳಿ. 5ರಿಂದ, 7ರಿಂದ ಗುಣಿಸಿದರೆ 60ಕ್ಷ + 35ಯ = 110, 126ಕ್ಷ − 35ಯ = 448. ಚಿಹ್ನೆಗಳು ವಿರುದ್ಧವಾಗಿರುವುದರಿಂದ ಬರೀ ಕೂಡಿದರಾಯಿತು: 186ಕ್ಷ = 558, ಕ್ಷ = 3. ಸಂಖ್ಯೆ ದೊಡ್ಡದು, ಆದರೆ ಕಳೆಯುವ ಹಂತವೇ ಇಲ್ಲ. ಯಾರಿಗೆ ಯಾವುದು ಅನ್ನುವುದು ಅವರವರ ಕೈಗುಣ ನೋಡಿ ನಿರ್ಧರಿಸಬೇಕು. ನಮ್ಮ ಮಟ್ಟಿಗೆ, ಗುಣಾಕಾರದ ತಪ್ಪಿಗಿಂತ ಚಿಹ್ನೆಯ ತಪ್ಪು ಕಣ್ಣಿಗೆ ಬೀಳುವುದು ಕಷ್ಟ, ಹಾಗಾಗಿ ವಿರುದ್ಧ ಚಿಹ್ನೆ ಇರುವ ಚರಾಕ್ಷರಕ್ಕೆ ಮೊದಲ ಮಣೆ.

ಮಹಾವೀರಾಚಾರ್ಯನ ಜಾಣತನ

ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಕನ್ನಡ ನಾಡಿನಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಲೆಕ್ಕವಿದೆ. 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿನ ಬೆಲೆ ಸೇರಿ 107, 7 ಮಾದಲ ಮತ್ತು 9 ಬೇಲದ ಹಣ್ಣಿಗೆ 101. ಒಂದೊಂದರ ಬೆಲೆ ಎಷ್ಟು?

9ಕ್ಷ + 7ಯ = 107
7ಕ್ಷ + 9ಯ = 101

ಲ.ಸಾ.ಅ. 63 ಎಂದು ಹೊರಟರೆ 63ಕ್ಷ + 49ಯ = 749 ಇತ್ಯಾದಿ. ಅದರ ಬದಲು ಎರಡನ್ನೂ ಕೂಡಿ: 16ಕ್ಷ + 16ಯ = 208, ಅಂದರೆ ಕ್ಷ + ಯ = 13. ಒಂದರಿಂದ ಇನ್ನೊಂದನ್ನು ಕಳೆಯಿರಿ: 2ಕ್ಷ − 2ಯ = 6, ಅಂದರೆ ಕ್ಷ − ಯ = 3. ಮಾದಲ 8, ಬೇಲ 5. ಎಲ್ಲವೂ ಬಾಯಿಲೆಕ್ಕ. ಸಹಗುಣಕಗಳು ಹೀಗೆ ಅದಲುಬದಲಾಗಿರುವ ಲೆಕ್ಕಗಳು ಇಂದಿಗೂ ಪರೀಕ್ಷೆಗಳಲ್ಲಿ ಬರುತ್ತವೆ, 99ಕ್ಷ + 101ಯ ಎಂಬಂಥ ಭಯಾನಕ ವೇಷದಲ್ಲಿ. ವೇಷಕ್ಕೆ ಹೆದರಬೇಡಿ. ಎರಡಂಕಿ ಸಂಖ್ಯೆಯ ಅಂಕಿಗಳನ್ನು ಅದಲುಬದಲು ಮಾಡುವ ಪ್ರಶ್ನೆಗಳೂ ಇದೇ ಜಾತಿ: 10ಕ್ಷ + ಯ ಮತ್ತು 10ಯ + ಕ್ಷ ಕೂಡಿದರೆ 11(ಕ್ಷ + ಯ), ಕಳೆದರೆ 9(ಕ್ಷ − ಯ).

ದೋಣಿ ಮತ್ತು ಹೊಳೆ

ವೇಗದ ಲೆಕ್ಕದಲ್ಲಿ ಚರಾಕ್ಷರ ಛೇದದಲ್ಲಿ ಕೂರುತ್ತದೆ. ತುಂಗೆಯಲ್ಲಿ ಒಂದು ದೋಣಿ ಹರಿವಿನ ಜೊತೆ 24 ಕಿ.ಮೀ., ಹರಿವಿಗೆ ಎದುರಾಗಿ 16 ಕಿ.ಮೀ. ಹೋಗಲು ಒಟ್ಟು 4 ಗಂಟೆ. ಜೊತೆಗೆ 36 ಕಿ.ಮೀ., ಎದುರು 8 ಕಿ.ಮೀ. ಹೋಗಲೂ 4 ಗಂಟೆ ಅಂದುಕೊಳ್ಳೋಣ. ದೋಣಿಯ ವೇಗ ಕ್ಷ, ನೀರಿನ ವೇಗ ಯ. 1/(ಕ್ಷ + ಯ) = ರ, 1/(ಕ್ಷ − ಯ) = ಪ ಎಂದು ಇಟ್ಟುಕೊಂಡರೆ:

24ರ + 16ಪ = 4
36ರ + 8ಪ = 4

ಎರಡನೆಯದನ್ನು ದ್ವಿಗುಣ ಮಾಡಿ ಮೊದಲನೆಯದನ್ನು ಕಳೆದರೆ 48ರ = 4, ರ = 1/12. ಪ = 1/8. ಇಲ್ಲಿಗೆ ನಿಲ್ಲಿಸಿ ‘ವೇಗ 1/12’ ಎಂದು ಬರೆದುಬಿಟ್ಟರೆ ಕೆಟ್ಟಿತು. ಕ್ಷ + ಯ = 12, ಕ್ಷ − ಯ = 8 ಎಂದು ಹಿಂದಕ್ಕೆ ಬರಬೇಕು. ದೋಣಿ ಗಂಟೆಗೆ 10 ಕಿ.ಮೀ., ನೀರು 2 ಕಿ.ಮೀ. ಅಂದಹಾಗೆ, ಶರಾವತಿಯ ಹಿನ್ನೀರಿನ ಲಾಂಚ್ ಇಟ್ಟುಕೊಂಡು ಈ ಲೆಕ್ಕ ಹೆಣೆಯಬೇಡಿ. ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ, ಯ ಸೊನ್ನೆ ಆದರೆ ಉಳಿಯುವುದು ಒಂದೇ ಚರಾಕ್ಷರ.

ಓರೆ ಗುಣಾಕಾರ

ಕ್ಷ/(ಬ₁ಸ₂ − ಬ₂ಸ₁) = ಯ/(ಸ₁ಅ₂ − ಸ₂ಅ₁) = 1/(ಅ₁ಬ₂ − ಅ₂ಬ₁)

ಸೂತ್ರ ಸರಿಯಾಗಿ ನೆನಪಿದ್ದರೆ ಯೋಚನೆಯೇ ಬೇಡ, ತುಂಬಿಸಿದರಾಯಿತು. ತೊಂದರೆ ಏನೆಂದರೆ ಈ ಸೂತ್ರ ಇರುವುದು ಅಕ್ಷ + ಬಯ + ಸ = 0 ರೂಪಕ್ಕೆ. ಬಲಬದಿಯಲ್ಲಿರುವ 22 ಅನ್ನು ಎಡಕ್ಕೆ ತಂದು −22 ಮಾಡದೆ ತುಂಬಿಸಿದರೆ ಕ್ಷ, ಯ ಎರಡರ ಚಿಹ್ನೆಯೂ ತಿರುಗುಮುರುಗಾಗುತ್ತದೆ. ಉತ್ತರದ ಸಂಖ್ಯೆ ಸರಿ, ಚಿಹ್ನೆ ಮಾತ್ರ ಉಲ್ಟಾ ಆಗಿದ್ದರೆ ಕಾರಣ ಇದೇ. ನಡುವಿನ ಛೇದದಲ್ಲಿ ಕ್ರಮ ಸ-ಅ, ಅ-ಸ ಅಲ್ಲ ಅನ್ನುವುದನ್ನೂ ಗಮನಿಸಿ.

ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪಠ್ಯ ಕಡಿತ ಮಾಡಿದಾಗ ಈ ವಿಧಾನ ಹೊರಗುಳಿಯಿತು. ಅದಕ್ಕೆ ನಮ್ಮ ತಕರಾರಿಲ್ಲ. ಸಂಖ್ಯೆಗಳಿದ್ದಾಗ ವರ್ಜಿಸುವ ವಿಧಾನ ಇದಕ್ಕಿಂತ ವೇಗ. ಇದು ಗೆಲ್ಲುವುದು ಸಹಗುಣಕಗಳು ಅಕ್ಷರಗಳಾಗಿರುವಾಗ, ಮತ್ತು ಕಂಪ್ಯೂಟರ್‌ನಲ್ಲೋ ಎಕ್ಸೆಲ್‌ನಲ್ಲೋ ಒಂದೇ ಸೂತ್ರ ಬರೆದು ನೂರು ಜೋಡಿ ಬಿಡಿಸಬೇಕಾದಾಗ. ಮುಂದೆ ಕಲಿಯುವ ಕ್ರೇಮರ್ ನಿಯಮವೂ ಇದೇ ಸರಕು, ನಿರ್ಧಾರಕದ (ಅ₁ಬ₂ − ಅ₂ಬ₁ ಬಗೆಯ ಸಂಖ್ಯೆಯ) ಭಾಷೆಯಲ್ಲಿ.

ನಕ್ಷೆ

ನಕ್ಷೆ ಉತ್ತರ ಹುಡುಕುವ ಸಾಧನವಾಗಿ ದುರ್ಬಲ, ಅರ್ಥ ಮಾಡಿಸುವ ಸಾಧನವಾಗಿ ಉಳಿದೆಲ್ಲಕ್ಕಿಂತ ಮೇಲು. ಉತ್ತರ 17/7 ಆಗಿದ್ದರೆ ಅದು 2.43ರ ಹತ್ತಿರ, ಮಿಲಿಮೀಟರ್ ಹಾಳೆಯಲ್ಲಿ 2.4 ಎಂದಷ್ಟೇ ಓದಬಹುದು. ಮಲೆನಾಡಿನ ಜುಲೈ ತಿಂಗಳಲ್ಲಿ ತಂಡಿ ಹಿಡಿದು ಮೆತ್ತಗಾದ ಹಾಳೆಯ ಮೇಲೆ ಪೆನ್ಸಿಲ್ ಗೆರೆಯೇ ಅರ್ಧ ಮಿಲಿಮೀಟರ್ ದಪ್ಪ ಬಂದರೆ ಅಷ್ಟೂ ನಿಖರತೆ ಇಲ್ಲ.

ಆದರೂ ಎಸ್‌ಎಸ್‌ಎಲ್‌ಸಿಯಲ್ಲಿ ನಕ್ಷೆಯ ಪ್ರಶ್ನೆ ಬಿಡುವಂಥದ್ದಲ್ಲ. ಉತ್ತರ ಪೂರ್ಣಾಂಕದಲ್ಲಿ ಬರುವ ಹಾಗೆಯೇ ಸಾಮಾನ್ಯವಾಗಿ ಪ್ರಶ್ನೆ ಹೆಣೆದಿರುತ್ತಾರೆ. ಕೋಷ್ಟಕಕ್ಕೆ ಬಿಂದು ಆರಿಸುವುದರಲ್ಲಿ ಒಂದು ಕಿರುದಾರಿ ಇದೆ. 2ಕ್ಷ + 3ಯ = 12 ತೆಗೆದುಕೊಳ್ಳಿ. ಕ್ಷ = 1, 2 ಎಂದು ಕೊಟ್ಟರೆ ಯ ಭಿನ್ನರಾಶಿ. ಒಂದು ಪೂರ್ಣಾಂಕದ ಬಿಂದು (0, 4) ಸಿಕ್ಕಿದ ಮೇಲೆ ಕ್ಷ ವನ್ನು ಯ ದ ಸಹಗುಣಕದಷ್ಟು, ಅಂದರೆ 3 ಹೆಚ್ಚಿಸಿ, ಯ ವನ್ನು ಕ್ಷ ದ ಸಹಗುಣಕದಷ್ಟು, ಅಂದರೆ 2 ಇಳಿಸಿ: (3, 2), (6, 0). ಹೀಗೆ ಹೋದರೆ ಭಿನ್ನರಾಶಿ ಬರುವ ಪ್ರಶ್ನೆಯೇ ಇಲ್ಲ. ಜೊತೆಯ ರೇಖೆ ಕ್ಷ − ಯ = 1 ಆದರೆ (0, −1), (2, 1), (4, 3). ಎರಡೂ ಛೇದಿಸುವುದು (3, 2) ರಲ್ಲಿ.

ರೇಖೆಗೆ ಎರಡು ಬಿಂದು ಸಾಕು, ಆದರೂ ಮೂರು ಗುರುತಿಸಿ. ಮೂರನೆಯದು ಗೆರೆಯ ಮೇಲೆ ಕೂರದಿದ್ದರೆ ಕೋಷ್ಟಕದಲ್ಲಿ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ಪ್ರಮಾಣ ಬರೆಯಿರಿ, ಪ್ರತಿ ರೇಖೆಯ ಪಕ್ಕ ಅದರ ಸಮೀಕರಣ ಬರೆಯಿರಿ, ಛೇದಿಸುವ ಬಿಂದುವಿನ ಬೆಲೆ ಬರೆಯಿರಿ.

ಎಲ್ಲ ವಿಧಾನವೂ ಕೈಕೊಡುವ ಜಾಗ

ಪಠ್ಯಪುಸ್ತಕ ಹೇಳದ, ಆದರೆ ನಿಜವಾದ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡುವವರು ತಿಳಿದಿರಲೇಬೇಕಾದ ಸಂಗತಿ ಒಂದಿದೆ. ಅನುಪಾತಗಳು ಸಮ ಅಲ್ಲ, ಆದರೆ ಹತ್ತಿರಹತ್ತಿರ ಸಮ ಆಗಿದ್ದರೆ ಏನಾಗುತ್ತದೆ?

ಅಡಿಕೆ ಮಂಡಿಯ ಎರಡು ಪಟ್ಟಿಗಳಲ್ಲಿ ತೂಕ ಮತ್ತು ಒಟ್ಟು ಮೊತ್ತ ಮಾತ್ರ ಉಳಿದಿದೆ, ದರ ಅಳಿಸಿಹೋಗಿದೆ ಎಂದುಕೊಳ್ಳೋಣ. ರಾಶಿ, ಬೆಟ್ಟೆ ಅಡಿಕೆಯ ಎರಡು ಬಗೆ. ಮೊದಲನೆಯದು 12 ಕೆ.ಜಿ. ರಾಶಿ, 5 ಕೆ.ಜಿ. ಬೆಟ್ಟೆ, ₹8,800. ಎರಡನೆಯದು 7 ಕೆ.ಜಿ. ರಾಶಿ, 3 ಕೆ.ಜಿ. ಬೆಟ್ಟೆ, ₹5,180. (ದರಗಳು ಉದಾಹರಣೆಗಷ್ಟೇ.) ಬಿಡಿಸಿದರೆ ರಾಶಿ ಕೆ.ಜಿ.ಗೆ ₹500, ಬೆಟ್ಟೆ ₹560. ಈಗ ಮೊದಲ ಪಟ್ಟಿಯ ಮೊತ್ತವನ್ನು ಹತ್ತೇ ರೂಪಾಯಿ ಕಡಿಮೆ, ₹8,790 ಎಂದು ಓದಿಕೊಂಡಿರಿ ಅನ್ನಿ. ರಾಶಿ ₹470, ಬೆಟ್ಟೆ ₹630! ಹತ್ತು ರೂಪಾಯಿಯ ವ್ಯತ್ಯಾಸ ಒಂದು ಕಡೆ 30, ಇನ್ನೊಂದು ಕಡೆ 70 ಆಗಿ ಹಿಗ್ಗಿತು. ಕಾರಣ 12/7 ಮತ್ತು 5/3 ಬಹಳ ಹತ್ತಿರ. 12×3 − 5×7 ಕೇವಲ 1. ಎರಡು ರೇಖೆ ಬಹುತೇಕ ಸಮಾಂತರವಾಗಿ ಓಡುವಾಗ ಒಂದನ್ನು ಕೂದಲೆಳೆಯಷ್ಟು ಸರಿಸಿದರೂ ಛೇದಿಸುವ ಬಿಂದು ದೂರ ಜಿಗಿಯುತ್ತದೆ.

ಇನ್ನೂ ಖಾರವಾದ ಉದಾಹರಣೆ ಗೊಬ್ಬರದ ಅಂಗಡಿಯಲ್ಲೇ ಇದೆ. ಯೂರಿಯಾ ಸಿಗಲಿಲ್ಲ, ಡಿಎಪಿ (18:46:0) ಮತ್ತು 10:26:26 ಎರಡರಿಂದಲೇ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ ಹೊಂದಿಸೋಣ ಎಂದು ಹೊರಟರೆ:

0.18ಕ್ಷ + 0.10ಯ = 100
0.46ಕ್ಷ + 0.26ಯ = 40

ಅನುಪಾತಗಳು ಸಮ ಅಲ್ಲ, ಹಾಗಾಗಿ ಒಂದೇ ಪರಿಹಾರ ಇದ್ದೇ ಇದೆ: ಡಿಎಪಿ 27,500 ಗ್ರಾಂ, ಕಾಂಪ್ಲೆಕ್ಸ್ −48,500 ಗ್ರಾಂ. ಒಂದು ಮರಕ್ಕೆ ಇಪ್ಪತ್ತೇಳೂವರೆ ಕೆ.ಜಿ. ಡಿಎಪಿ ಸುರಿದು, ನಲವತ್ತೆಂಟೂವರೆ ಕೆ.ಜಿ. ಕಾಂಪ್ಲೆಕ್ಸ್ ವಾಪಸ್ ತೆಗೆಯಬೇಕು! ಸಮೀಕರಣಕ್ಕೆ ಹಾಕಿ ನೋಡಿದರೆ ಎರಡೂ ತಾಳೆಯಾಗುತ್ತವೆ. ಲೆಕ್ಕ ಸರಿ, ಪ್ರಶ್ನೆಯೇ ಸರಿಯಿಲ್ಲ. ಎರಡು ಗೊಬ್ಬರದಲ್ಲೂ ಸಾರಜನಕಕ್ಕಿಂತ ರಂಜಕ ಎರಡೂವರೆ ಪಟ್ಟು ಹೆಚ್ಚು, ಅದೂ ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ. ಅವನ್ನು ಹೇಗೆ ಬೆರೆಸಿದರೂ ಸಾರಜನಕ ಮೇಲಾಗುವುದಿಲ್ಲ. ಇಂಥಲ್ಲಿ ವಿಧಾನ ಬದಲಿಸಿ ಪ್ರಯೋಜನವಿಲ್ಲ, ಗೊಬ್ಬರ ಬದಲಿಸಬೇಕು. ಅನ್ವಯ ಲೆಕ್ಕದಲ್ಲಿ ಅ₁ಬ₂ − ಅ₂ಬ₁ ತೀರ ಚಿಕ್ಕದಾಗಿ ಬಂದರೆ, ಅಥವಾ ತೂಕ, ಬೆಲೆ, ವಯಸ್ಸು ಋಣ ಸಂಖ್ಯೆಯಾಗಿ ಬಂದರೆ, ಸಮೀಕರಣ ಹೊಂದಿಸಿದ ಜಾಗಕ್ಕೇ ಹಿಂದಿರುಗಿ.

ಮೂರು ಚರಾಕ್ಷರಕ್ಕೆ

ಕ್ಷ + ಯ + ಜ = 6
2ಕ್ಷ + 3ಯ + ಜ = 11
3ಕ್ಷ − ಯ + 2ಜ = 7

ಗೌಸನ ಕ್ರಮದಲ್ಲಿ ಮೊದಲ ಸಮೀಕರಣದ ಎರಡರಷ್ಟನ್ನು ಎರಡನೆಯದರಿಂದ, ಮೂರರಷ್ಟನ್ನು ಮೂರನೆಯದರಿಂದ ಕಳೆಯಿರಿ: ಯ − ಜ = −1, −4ಯ − ಜ = −11. ಇವುಗಳಲ್ಲಿ ಮೊದಲನೆಯದರ ನಾಲ್ಕರಷ್ಟನ್ನು ಎರಡನೆಯದಕ್ಕೆ ಕೂಡಿದರೆ −5ಜ = −15. ಜ = 3, ಯ = 2, ಕ್ಷ = 1. ಇಲ್ಲಿ ಒಂದೇ ಎಚ್ಚರ: ಎರಡೂ ಜೋಡಿಯಲ್ಲಿ ಒಂದೇ ಚರಾಕ್ಷರವನ್ನು ವರ್ಜಿಸಬೇಕು. ಒಂದರಲ್ಲಿ ಕ್ಷ, ಇನ್ನೊಂದರಲ್ಲಿ ಯ ತೆಗೆದರೆ ಮೂರೂ ಚರಾಕ್ಷರ ಹಾಗೇ ಉಳಿದು ಸುತ್ತು ಹೊಡೆಯುತ್ತೀರಿ.

ದ್ವಿತೀಯ ಪಿಯುಸಿಯಲ್ಲಿ ಇದನ್ನೇ ಮಾತೃಕೆಯ ವಿಧಾನದಲ್ಲಿ ಬಿಡಿಸಲು ಕೇಳುತ್ತಾರೆ, ಆಗ ವಿಲೋಮ ಮಾತೃಕೆ ಕಂಡುಹಿಡಿಯದೆ ವಿಧಿಯಿಲ್ಲ. ಒಂಬತ್ತು ಕೋಫ್ಯಾಕ್ಟರ್‌ಗಳ ಚಿಹ್ನೆ, ಆಮೇಲೆ ಸಾಲು-ಕಂಬ ಅದಲುಬದಲು ಮಾಡಲು ಮರೆಯುವುದು, ಇವೆರಡೇ ಅಲ್ಲಿನ ಗುಂಡಿಗಳು. ಗೌಸನ ಕ್ರಮದಲ್ಲಿ ಕರ್ಣದ ಮೇಲೆ ಉಳಿದ 1, 1, −5ರ ಗುಣಲಬ್ಧ −5. ನಿರ್ಧಾರಕದ ಬೆಲೆಯೂ −5. ಕರಡು ಜಾಗದಲ್ಲಿ ಗೌಸ್ ಮಾಡಿ ಇದನ್ನು ತಾಳೆ ನೋಡಬಹುದು. ಶ್ರಮದ ಲೆಕ್ಕವೂ ಹೇಳಬೇಕಾದರೆ, ಮೂರು ಚರಾಕ್ಷರಕ್ಕೆ ಗೌಸನಿಗೆ 17 ಗುಣಾಕಾರ-ಭಾಗಾಕಾರ ಸಾಕು, ಕ್ರೇಮರ್‌ಗೆ ನಾಲ್ಕು ನಿರ್ಧಾರಕ ಬಿಡಿಸಲು 36, ಮೇಲೆ ಮೂರು ಭಾಗಾಕಾರ. ಚರಾಕ್ಷರ ಹೆಚ್ಚಿದಷ್ಟೂ ಈ ಅಂತರ ಬೆಳೆಯುತ್ತದೆ.

ತಾಳೆ ನೋಡುವುದು

ಉತ್ತರವನ್ನು ಕೊಟ್ಟಿರುವ ಎರಡೂ ಮೂಲ ಸಮೀಕರಣಗಳಿಗೆ ಹಾಕಿ ನೋಡಬೇಕು. ಒಂದಕ್ಕೇ ಹಾಕಿ ತೃಪ್ತರಾಗುವುದು ವ್ಯರ್ಥ, ಯಾಕೆಂದರೆ ಯ ದ ಬೆಲೆ ತಪ್ಪಾಗಿದ್ದರೂ ಅದನ್ನು ಮೊದಲನೆಯದಕ್ಕೆ ಹಾಕಿಯೇ ಕ್ಷ ತೆಗೆದಿರುತ್ತೀರಿ. ಆ ಸಮೀಕರಣ ಹೇಗೂ ತಾಳೆಯಾಗುತ್ತದೆ. ತಪ್ಪು ಸಿಗುವುದು ಇನ್ನೊಂದರಲ್ಲಿ.

ಸಿಇಟಿಯಂಥ ಆಯ್ಕೆ ಪ್ರಶ್ನೆಗಳಲ್ಲಿ ಈ ತಾಳೆಯೇ ವಿಧಾನ. ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ; ಒಂದಕ್ಕೆ 80 ಸೆಕೆಂಡ್. ಬಿಡಿಸುವ ಬದಲು ನಾಲ್ಕು ಆಯ್ಕೆಗಳನ್ನು ಸಣ್ಣ ಸಹಗುಣಕಗಳಿರುವ ಸಮೀಕರಣಕ್ಕೆ ಹಾಕಿ, ಉಳಿದದ್ದನ್ನು ಮಾತ್ರ ಎರಡನೆಯದಕ್ಕೆ ಹಾಕಿ. ಮೊದಲ ಸಮೀಕರಣಕ್ಕಷ್ಟೇ ಹೊಂದುವ ಒಂದು ಆಯ್ಕೆಯನ್ನು ಬೇಕೆಂತಲೇ ಇಟ್ಟಿರಬಹುದು, ಅವಸರದವರು ಅದಕ್ಕೆ ಬೀಳಲಿ ಎಂದು.